ದನಕ್ಕೆ ನೀರು ಕುಡಿಸುವ ಮೊದಲು ಹಳ್ಳದ ಕಲ್ಲು ಹೊರಳಿಸಿ ನೋಡಿರಿ

(ಚಡಚಣದಲ್ಲಿ ಜರುಗಿದ ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಉಪನ್ಯಾಸ)



ಹಿಂಡಿ, ಮೇವು, ಲಸಿಕೆ, ಕೃತಕ ಗರ್ಭಧಾರಣೆ ಇವುಗಳ ಬಗ್ಗೆ ನೀವು ಪ್ರತಿ ಶಿಬಿರದಲ್ಲಿಯೂ ಕೇಳಿದ್ದೀರಿ. ಇಂದು ನಾನು ನೀರಿನ ಬಗ್ಗೆ, ಅದರಲ್ಲಿಯೂ ನೀರಿನಲ್ಲಿರುವ ಹುಳಗಳ ಬಗ್ಗೆ ಮಾತನಾಡಲು ಬಂದಿದ್ದೇನೆ. ಹುಳ ಎಂದ ಕೂಡಲೇ ಮುಂದಿನ ಸಾಲಿನಲ್ಲಿ ಒಂದಿಬ್ಬರು ಮುಖ ಕಿವಿಚಿದ್ದನ್ನು ಕಂಡೆ. ನೀರಿನಲ್ಲಿ ಹುಳ ಬಿದ್ದರೆ ನೀರು ಕೆಟ್ಟಿತು ಎಂದೇ ನಾವೆಲ್ಲ ತಿಳಿದಿದ್ದೇವೆ. ಮನೆಯ ಹರವಿಯ ನೀರಿಗೆ ಈ ಮಾತು ಸರಿ. ಹರಿಯುವ ಹಳ್ಳಕ್ಕೆ ಇದು ಅರ್ಧ ಮಾತ್ರ ನಿಜ. ಕೆಲವು ಹುಳ ಇದ್ದರೆ ಹಳ್ಳ ಚೆನ್ನಾಗಿದೆ ಎಂದು ಅರ್ಥ. ಕೆಲವು ಮಾತ್ರ ಇದ್ದರೆ ಹೊಲಸು ಸೇರಿದೆ ಎಂದು ಅರ್ಥ. ಒಂದೂ ಹುಳ ಇಲ್ಲದಿದ್ದರೆ ಅದು ಎಲ್ಲಕ್ಕಿಂತ ಕೆಟ್ಟ ಸುದ್ದಿ.

ನೀರಿಗೂ ಹಾಲಿಗೂ ಇರುವ ಸಂಬಂಧ

ಆಕಳ ಹಾಲಿನಲ್ಲಿ 100ಕ್ಕೆ ಸುಮಾರು 87 ಪಾಲು ನೀರೇ ಇರುತ್ತದೆ. ಎಮ್ಮೆಯ ಹಾಲಿನಲ್ಲಿ ಸುಮಾರು 83 ಪಾಲು. ಒಂದು ಲೀಟರ್ ಹಾಲು ಕೊಡಲು ದನಕ್ಕೆ ಅದರ ಮೈಗೆ ಬೇಕಾದ ನೀರನ್ನು ಬಿಟ್ಟು ಇನ್ನೂ 3ರಿಂದ 5 ಲೀಟರ್ ನೀರು ಬೇಕಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಇದು ಇನ್ನೂ ಹೆಚ್ಚು. ನೀರು ನಾರಿದರೆ, ರುಚಿ ಕೆಟ್ಟರೆ ದನ ಮೂಸಿ ಬಿಡುತ್ತದೆ, ಅರೆಹೊಟ್ಟೆ ಕುಡಿಯುತ್ತದೆ. ಮೇವು ತಿನ್ನುವುದೂ ಕಡಿಮೆಯಾಗುತ್ತದೆ. ಸಂಜೆ ಸಂಘದ ಅಳತೆಯಲ್ಲಿ ಹಾಲು ಇಳಿದಾಗ ನಾವು ಹಿಂಡಿಯನ್ನು ದೂರುತ್ತೇವೆ, ದಲಾಲಿಯನ್ನು ದೂರುತ್ತೇವೆ. ನೀರನ್ನು ನೋಡುವುದಿಲ್ಲ.

ನಮ್ಮದು ಮಳೆ ಕಡಿಮೆ ಇರುವ ಜಿಲ್ಲೆ. ಚಡಚಣ, ಇಂಡಿ, ಸಿಂದಗಿ ಕಡೆಯ ಹಳ್ಳಗಳು ಮಳೆಗಾಲದಲ್ಲಿ ತುಂಬಿ ಹರಿದು, ಸಂಕ್ರಾಂತಿಯ ಹೊತ್ತಿಗೆ ಸಣ್ಣಗಾಗಿ, ಬೇಸಿಗೆಗೆ ಮಡುಗಳಾಗಿ ನಿಲ್ಲುತ್ತವೆ. ನೀರು ಕಡಿಮೆಯಾದಂತೆ ಅದರಲ್ಲಿ ಸೇರಿದ ಹೊಲಸು ದಪ್ಪವಾಗುತ್ತದೆ. ಅದೇ ಹೊತ್ತಿಗೆ ದನಗಳು ಹೆಚ್ಚಾಗಿ ಅಲ್ಲಿಗೇ ಇಳಿಯುತ್ತವೆ. ಆದ್ದರಿಂದ ಹಳ್ಳದ ಆರೋಗ್ಯ ನಮಗೆ ಪರಿಸರದವರ ವಿಷಯವಲ್ಲ, ದೊಡ್ಡಿಯ ವಿಷಯ.

ನಾನು ಮಾಡಿದ ಒಂದು ತಪ್ಪು

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನಾನು ಆಗ ಹೊಸಬ. ಒಂದು ಊರಿನಲ್ಲಿ ಉಣ್ಣಿ ನಿವಾರಣಾ ಶಿಬಿರ ಮಾಡಿದೆವು. ನೀರಿನ ಅನುಕೂಲ ಇದೆಯೆಂದು ಹಳ್ಳದ ದಂಡೆಯನ್ನೇ ಆರಿಸಿಕೊಂಡೆ. ಅರವತ್ತಕ್ಕೂ ಹೆಚ್ಚು ದನಕರುಗಳಿಗೆ ಔಷಧ ಸಿಂಪಡಿಸಿದೆವು. ಜನ ಚಪ್ಪಾಳೆ ತಟ್ಟಿದರು. ಸಂಜೆ ಡ್ರಮ್ಮಿನಲ್ಲಿ ಉಳಿದ ಔಷಧದ ನೀರನ್ನು ಅಲ್ಲಿಯೇ ಸುರಿದು, ಪಂಪುಗಳನ್ನು ಹಳ್ಳದಲ್ಲಿಯೇ ತೊಳೆದು ಮನೆಗೆ ಹೋದೆವು.

ಮೂರನೆಯ ದಿನ ಹಾಲು ಹಾಕಲು ಬಂದ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ, "ಡಾಕ್ಟರ, ಮಡುವಿನ್ಯಾಗ ಮೀನಮರಿ ಸತ್ತು ತೇಲ್ಯಾವ. ನೀರ ಮ್ಯಾಲೆ ಓಡೋ ಹುಳಾನೂ ಒಂದೂ ಕಾಣವಲ್ದು. ದನ ಬಿಡೂದೋ ಬ್ಯಾಡೋ?" ಎಂದು ಕೇಳಿದರು. ಹೋಗಿ ನೋಡಿದೆ. ನೀರು ಕನ್ನಡಿಯಂತೆ ತಿಳಿಯಾಗಿತ್ತು. ವಾಸನೆ ಇರಲಿಲ್ಲ. ಕಲ್ಲು ಎತ್ತಿ ನೋಡಿದರೆ ಅಡಿಯಲ್ಲಿ ಸತ್ತ ಹುಳಗಳು. ಶಿಬಿರ ಮಾಡಿದ ಜಾಗಕ್ಕಿಂತ ಇನ್ನೂರು ಹೆಜ್ಜೆ ಮೇಲೆ ಹೋಗಿ ಕಲ್ಲು ಎತ್ತಿದೆ. ಅಲ್ಲಿ ಹುಳಗಳು ಜೀವಂತ ಹರಿದಾಡುತ್ತಿದ್ದವು. ಅದೇ ಹಳ್ಳ, ಅದೇ ನೀರು, ನಡುವೆ ನನ್ನ ಶಿಬಿರ. ಯಾರನ್ನು ಕೇಳುವುದು?

ಹದಿನೈದು ದಿನ ಆ ಊರಿನವರು ಹಳ್ಳ ಬಿಟ್ಟು ಬಾವಿಯಿಂದ ನೀರು ಸೇದಿ ದನಗಳಿಗೆ ಹಾಕಿದರು. ಹೆಚ್ಚಾಗಿ ಸೇದಿದವರು ಹೆಣ್ಣುಮಕ್ಕಳು. ನನ್ನ ತಪ್ಪಿನ ಭಾರವನ್ನು ಅವರು ಹೊತ್ತರು. ದನಗಳೇನೂ ಸಾಯಲಿಲ್ಲ ಎಂಬುದು ನನ್ನ ಪುಣ್ಯ. ಉಣ್ಣಿಗೆ ಬಳಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಮುಂತಾದ ಔಷಧಗಳು ಹೇಳಿದ ಪ್ರಮಾಣದಲ್ಲಿ ದನದ ಮೈಮೇಲೆ ಸುರಕ್ಷಿತ. ಆದರೆ ನೀರಿಗೆ ಬಿದ್ದರೆ ಅತಿ ಸ್ವಲ್ಪವೂ ಮೀನಿಗೆ ಮತ್ತು ನೀರಹುಳಕ್ಕೆ ವಿಷ. ಉಣ್ಣಿ ಎಂಟು ಕಾಲಿನದಾದರೂ ನೀರಹುಳದ ದೂರದ ನೆಂಟನೇ. ಉಣ್ಣಿಯ ನರಕ್ಕೆ ಹೊಡೆಯುವ ಮದ್ದು ಅದಕ್ಕೂ ಹೊಡೆಯುತ್ತದೆ. ಕಾಲೇಜಿನಲ್ಲಿ ಓದಿದ್ದ ಈ ಪಾಠ ನನಗೆ ಅರ್ಥವಾದದ್ದು ಆ ದಿನ.

ಹುಳವೇ ಏಕೆ ಸಾಕ್ಷಿ?

ನೀವು ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರೆ, ಬಾಟಲಿ ತುಂಬಿದ ಆ ಗಳಿಗೆಯ ನೀರಿನ ಗುಣ ತಿಳಿಯುತ್ತದೆ. ನಿನ್ನೆ ರಾತ್ರಿ ಯಾರೋ ಸುರಿದು ಹೋದದ್ದು ಹರಿದು ಮುಂದೆ ಹೋಗಿರುತ್ತದೆ. ಹುಳ ಹಾಗಲ್ಲ. ಅದು ಕಲ್ಲಿನ ಅಡಿಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಇದ್ದು ಬೆಳೆಯುತ್ತದೆ. ಹಗಲೂ ರಾತ್ರಿಯೂ ಆ ನೀರನ್ನೇ ಉಸಿರಾಡುತ್ತದೆ. ಬಾಟಲಿಯ ನೀರು ಒಂದು ಫೋಟೋ ಇದ್ದಂತೆ. ಹುಳ ಸಂಘದ ದಾಖಲೆ ಪುಸ್ತಕ ಇದ್ದಂತೆ. ಹಿಂದಿನ ಪುಟವೂ ಅದರಲ್ಲಿ ಇರುತ್ತದೆ.

ಇಲ್ಲಿ ಮುಖ್ಯವಾದದ್ದು ನೀರಿನಲ್ಲಿ ಕರಗಿದ ಆಮ್ಲಜನಕ. ಸೆಗಣಿ, ಚರಂಡಿಯ ಹೊಲಸು, ಕೊಳೆತ ಕಸ ನೀರಿಗೆ ಬಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಕಬಳಿಸುತ್ತವೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿಯುವ ಶಕ್ತಿ ಕಡಿಮೆ. 20 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಹೆಚ್ಚು ಆಮ್ಲಜನಕ ಬೇಕಾದ ಹುಳಗಳು ಮೊದಲು ಮಾಯವಾಗುತ್ತವೆ. ಕಡಿಮೆಯಲ್ಲಿ ಬದುಕುವವು ಉಳಿದು ಹೆಚ್ಚುತ್ತವೆ.

ಇದು ನನ್ನ ಹೊಸ ಶೋಧವಲ್ಲ. ಜರ್ಮನಿಯ ಕೋಲ್ಕ್‌ವಿಟ್ಜ್ ಮತ್ತು ಮಾರ್ಸನ್ ಎಂಬ ವಿಜ್ಞಾನಿಗಳು 1908-09ರಲ್ಲಿಯೇ ಜೀವಿಗಳನ್ನು ನೋಡಿ ನೀರಿನ ಹೊಲಸನ್ನು ಅಳೆಯುವ ಕ್ರಮ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ 1976ರಲ್ಲಿ ನೇಮಕವಾದ ತಜ್ಞರ ತಂಡ ಒಂದೊಂದು ಕುಟುಂಬದ ಹುಳಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಪದ್ಧತಿ ರೂಪಿಸಿತು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನು ಭಾರತದ ನದಿಗಳಿಗೆ ಹೊಂದಿಸಿ, ನೀರನ್ನು ಐದು ವರ್ಗ ಮಾಡಿ ನೀಲಿ, ತಿಳಿನೀಲಿ, ಹಸಿರು, ಕಿತ್ತಳೆ, ಕೆಂಪು ಎಂದು ಬಣ್ಣ ಕೊಟ್ಟಿದೆ. ನೀಲಿ ಎಂದರೆ ಶುದ್ಧ, ಕೆಂಪು ಎಂದರೆ ಅತಿ ಕಲುಷಿತ. ಬೆಂಗಳೂರಿನ ಏಟ್ರೀ ಸಂಸ್ಥೆ 2007ರಲ್ಲಿ ಭಾರತದ ನೀರಹುಳಗಳನ್ನು ಗುರುತಿಸುವ ಕೈಪಿಡಿಯನ್ನೇ ಹೊರತಂದಿದೆ.

ನಮ್ಮ ಭೀಮೆಯ ಮಾತನ್ನೂ ಹೇಳಬೇಕು. ಕೇಂದ್ರ ಮಂಡಳಿ 2018ರಲ್ಲಿ ಪ್ರಕಟಿಸಿದ ಕಲುಷಿತ ನದಿಭಾಗಗಳ ಪಟ್ಟಿಯಲ್ಲಿ ಕರ್ನಾಟಕದ 17 ಇದ್ದವು. ಅವುಗಳಲ್ಲಿ ಭೀಮೆಯ ಹೆಸರೂ ಇತ್ತು, ಕೃಷ್ಣೆಯ ಹೆಸರೂ ಇತ್ತು. ನದಿ ತಾನೇ ಕೆಡುವುದಿಲ್ಲ. ಅದಕ್ಕೆ ಸೇರುವ ಊರೂರಿನ ಹಳ್ಳಗಳು ಅದನ್ನು ಕೆಡಿಸುತ್ತವೆ, ಇಲ್ಲವೆ ಕಾಯುತ್ತವೆ.

ಹುಳಗಳ ಮೂರು ಗುಂಪು

ಮೊದಲನೆಯದು ಒಳ್ಳೆಯ ನೀರಿನ ಗುಂಪು. ಇದರಲ್ಲಿ ಮುಖ್ಯವಾದದ್ದು ಮೇಫ್ಲೈ ಎಂಬ ಹುಳದ ಮರಿ. ಅಕ್ಕಿಕಾಳಿನಷ್ಟು ಇರುತ್ತದೆ. ಬೆನ್ನ ಹಿಂದೆ ಕೂದಲಿನಂಥ ಮೂರು ಬಾಲ, ಕೆಲವಕ್ಕೆ ಎರಡು. ಹೊಟ್ಟೆಯ ಎರಡೂ ಬದಿಗೆ ಸಣ್ಣ ಎಲೆಗಳಂಥ ಕಿವಿರುಗಳು ಅಲುಗಾಡುತ್ತಿರುತ್ತವೆ. ಇದು ರೆಕ್ಕೆ ಬಂದು ಹಾರಿದ ಮೇಲೆ ಏನನ್ನೂ ತಿನ್ನದೆ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಬದುಕಿ, ಮೊಟ್ಟೆ ಇಟ್ಟು ಸಾಯುತ್ತದೆ. ಇನ್ನೊಂದು ಕ್ಯಾಡಿಸ್ ಹುಳ. ಇದು ಮರಳಿನ ಕಣ, ಎಲೆಯ ಚೂರುಗಳನ್ನು ತನ್ನ ಬಾಯಿಯ ರೇಷ್ಮೆಯಿಂದ ಅಂಟಿಸಿ ಮನೆ ಕಟ್ಟಿಕೊಳ್ಳುತ್ತದೆ. ಕೆಲವು ಬಗೆಯವು ಕಲ್ಲುಗಳ ಸಂದಿಯಲ್ಲಿ ಬಲೆ ಹೆಣೆದು, ಹರಿದುಬಂದ ಆಹಾರವನ್ನು ಹಿಡಿಯುತ್ತವೆ. ಬಾಂದಾರದ ಮೇಲಿಂದ ನೀರು ಜಿಗಿದು ಹರಿಯುವ ಕಡೆ ಇವು ಸಿಗುತ್ತವೆ. ಸ್ಟೋನ್‌ಫ್ಲೈ ಎಂಬ ಮೂರನೆಯ ಹುಳ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಮೇಲೆ ಇರುತ್ತದೆ. ಅದು ಮಲೆನಾಡಿನ ತಣ್ಣನೆಯ ಹೊಳೆಯ ಹುಳ. ನಮ್ಮ ಬಿಸಿಲು ನಾಡಿನಲ್ಲಿ ಸಿಗಲಿಲ್ಲವೆಂದು ಗಾಬರಿಪಡಬೇಡಿರಿ.

ಎರಡನೆಯದು ನಡುವಿನ ಗುಂಪು. ಏರೋಪ್ಲೇನ್ ಚಿಟ್ಟೆಯ ಮರಿ ಇದರಲ್ಲಿ ಬರುತ್ತದೆ. ಮಕ್ಕಳು ಬಾಲಕ್ಕೆ ದಾರ ಕಟ್ಟಿ ಆಡುವ ಅದೇ ಚಿಟ್ಟೆ ನೀರಿನಲ್ಲಿ ಹುಟ್ಟುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಮರಿ ನೀರಿನಲ್ಲಿದ್ದಾಗ ಸೊಳ್ಳೆಮರಿಯನ್ನು ತಿನ್ನುತ್ತದೆ, ಹಾರಿದ ಮೇಲೆ ಸೊಳ್ಳೆಯನ್ನೇ ಹಿಡಿಯುತ್ತದೆ. ಏಡಿ, ಸಣ್ಣ ಸಿಗಡಿಗಳನ್ನೂ ಈ ಗುಂಪಿಗೆ ಸೇರಿಸಿಕೊಳ್ಳಬಹುದು, ಅವು ಕೀಟಗಳಲ್ಲದಿದ್ದರೂ.

ಮೂರನೆಯದು ಹೊಲಸು ತಾಳುವ ಗುಂಪು. ಕೆಸರಿನಲ್ಲಿ ದಾರದ ತುಂಡಿನಂತೆ ನುಲಿಯುವ ಕೆಂಪು ಹುಳವನ್ನು ನೋಡಿದ್ದೀರಿ. ಅದು ಕಚ್ಚದ ಒಂದು ಜಾತಿಯ ನೊಣದ ಮರಿ. ಅದರ ಕೆಂಪಿಗೆ ಕಾರಣ ಹಿಮೋಗ್ಲೋಬಿನ್, ನಮ್ಮ ದನದ ರಕ್ತದಲ್ಲಿರುವಂಥದೇ. ಆಮ್ಲಜನಕ ಕಡಿಮೆ ಇದ್ದರೂ ಹಿಡಿದಿಟ್ಟುಕೊಳ್ಳಲು ಅದು ಸಹಾಯ ಮಾಡುತ್ತದೆ. ಇಲಿಬಾಲದಂಥ ಉದ್ದ ನಳಿಗೆಯನ್ನು ನೀರಿನ ಮೇಲೆ ಚಾಚಿ ಉಸಿರಾಡುವ ಬಿಳಿ ಹುಳ, ಸೊಳ್ಳೆಮರಿ ಇವೂ ಇದೇ ಗುಂಪು. ಇವು ಗಾಳಿಯನ್ನೇ ಉಸಿರಾಡುವುದರಿಂದ ನೀರು ಎಷ್ಟು ಕೊಳೆತರೂ ಇವಕ್ಕೆ ಚಿಂತೆಯಿಲ್ಲ. ಇಂಗ್ಲೆಂಡಿನ ಆ ಪದ್ಧತಿಯಲ್ಲಿ ಕಲ್ಲಿಗೆ ಅಂಟಿಕೊಂಡಿರುವ ಚಪ್ಪಟೆ ಮೇಫ್ಲೈ ಮರಿಗೆ 10 ಅಂಕ, ಜಿಗಳಿಗೆ ಮತ್ತು ಬಸವನಹುಳದ ಕೆಲವು ಕುಟುಂಬಗಳಿಗೆ 3, ಕೆಂಪು ಹುಳದ ಕುಟುಂಬಕ್ಕೆ 2, ಎರೆಹುಳದ ಜಾತಿಯ ಕೆಸರುಹುಳಕ್ಕೆ 1.

ನೀರಿನ ಮೇಲೆ ಓಡಾಡುವ ಉದ್ದಕಾಲಿನ ಹುಳ ಗಾಳಿಯನ್ನೇ ಉಸಿರಾಡುತ್ತದೆ. ಅದು ಇದೆ ಎಂದ ಮಾತ್ರಕ್ಕೆ ನೀರು ಒಳ್ಳೆಯದೆಂದು ತಿಳಿಯಬಾರದು. ಆದರೆ ಯಾವಾಗಲೂ ಇರುವಂಥದು ಒಮ್ಮೆಲೆ ಮಾಯವಾದರೆ, ಆ ತಾಯಿಯಂತೆ ಎಚ್ಚರಗೊಳ್ಳಬೇಕು.

ನೋಡುವ ಕ್ರಮ

ಇದಕ್ಕೆ ಬೇಕಾದದ್ದು ಎರಡು ಕೋಲಿಗೆ ಕಟ್ಟಿದ ಹಳೆಯ ಸೊಳ್ಳೆಪರದೆಯ ತುಂಡು, ಇಲ್ಲವೆ ಒಂದು ಜರಡಿ. ಜೊತೆಗೆ ಒಂದು ಬಿಳಿ ತಟ್ಟೆ ಮತ್ತು ಒಂದು ವಹಿ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಕಾಲ ಉತ್ತಮ. ದೊಡ್ಡ ಮಳೆ ಬಂದು ಹಳ್ಳ ಕೊಚ್ಚಿ ಹರಿದಿದ್ದರೆ ಎರಡು-ಮೂರು ವಾರ ಬಿಟ್ಟು ನೋಡಿರಿ.

ಮೊಳಕಾಲಿಗಿಂತ ಕಡಿಮೆ ನೀರು ಕಲ್ಲುಗಳ ಮೇಲೆ ಹರಿಯುವ ಜಾಗ ಆರಿಸಿಕೊಳ್ಳಿರಿ. ಒಬ್ಬರು ಪರದೆಯನ್ನು ಹರಿವಿಗೆ ಅಡ್ಡ ಹಿಡಿಯಬೇಕು. ಇನ್ನೊಬ್ಬರು ಅದರ ಮೇಲ್ಭಾಗದಲ್ಲಿ ನಿಂತು ಒಂದೆರಡು ನಿಮಿಷ ಕಾಲಿನಿಂದ ಕಲ್ಲು, ಮರಳನ್ನು ಕೆದಕಬೇಕು. ಪರದೆಗೆ ಬಿದ್ದದ್ದನ್ನು ತಟ್ಟೆಯ ನೀರಿಗೆ ಬಿಟ್ಟು ಸುಮ್ಮನೆ ಕುಳಿತು ನೋಡಿರಿ. ಮೊದಲು ಕಸ ಮಾತ್ರ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಕಸ ನಡೆದಾಡಲು ತೊಡಗುತ್ತದೆ. ಎಷ್ಟು ಹುಳ ಎನ್ನುವುದಕ್ಕಿಂತ ಎಷ್ಟು ಬಗೆಯ ಹುಳ ಎಂಬುದನ್ನು ಬರೆದುಕೊಳ್ಳಿರಿ. ದಂಡೆಯ ಹುಲ್ಲಿನಲ್ಲಿಯೂ ಒಮ್ಮೆ ಜರಡಿ ಆಡಿಸಿರಿ. ನೋಡಿ ಮುಗಿದ ಮೇಲೆ ಹುಳಗಳನ್ನು ಹಳ್ಳಕ್ಕೇ ಬಿಟ್ಟುಬಿಡಿರಿ.

ಊರಿನ ಮೇಲ್ಭಾಗದಲ್ಲಿ ಒಂದು ಕಡೆ, ಕೆಳಭಾಗದಲ್ಲಿ ಒಂದು ಕಡೆ ನೋಡಲೇಬೇಕು. ನಮ್ಮ ಹಳ್ಳವನ್ನು ಮಲೆನಾಡಿನ ಹೊಳೆಗೆ ಹೋಲಿಸುವುದು ನ್ಯಾಯವಲ್ಲ. ಅದನ್ನು ಅದಕ್ಕೇ ಹೋಲಿಸಬೇಕು: ಮೇಲಿನದನ್ನು ಕೆಳಗಿನದಕ್ಕೆ, ಹೋದ ವರ್ಷದ್ದನ್ನು ಈ ವರ್ಷದ್ದಕ್ಕೆ. ಕೈಕಾಲಿಗೆ ಗಾಯ ಇದ್ದವರು ನೀರಿಗೆ ಇಳಿಯಬಾರದು, ಇಲಿಜ್ವರದ ಭಯವಿದೆ. ಕೆಲಸ ಮುಗಿದ ಮೇಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು.

ಕಂಡದ್ದರ ಅರ್ಥ

ಮೊದಲ ಗುಂಪಿನ ಎರಡು-ಮೂರು ಬಗೆ ಇದ್ದು, ಜೊತೆಗೆ ಉಳಿದ ಗುಂಪಿನವೂ ಇದ್ದರೆ ಹಳ್ಳ ಉಸಿರಾಡುತ್ತಿದೆ ಎಂದು ತಿಳಿಯಿರಿ. ಊರ ಮೇಲೆ ಇವು ಇದ್ದು, ಊರ ಕೆಳಗೆ ಕೆಂಪು ಹುಳ ಮಾತ್ರ ರಾಶಿಯಾಗಿ ಇದ್ದರೆ, ನಡುವೆ ಹೊಲಸು ಸೇರುತ್ತಿದೆ. ತಿಪ್ಪೆ, ಚರಂಡಿ, ದನ ತೊಳೆಯುವ ಜಾಗ ಯಾವುದೆಂದು ಹುಡುಕಿರಿ. ಒಂದು ದೊಡ್ಡ ದನ ದಿನಕ್ಕೆ 10 ಕಿಲೋಗಿಂತ ಹೆಚ್ಚು ಸೆಗಣಿ ಹಾಕುತ್ತದೆ. ಐವತ್ತು ದನ ಹಳ್ಳದಲ್ಲಿ ನಿಂತರೆ ಲೆಕ್ಕ ನೀವೇ ಹಾಕಿರಿ. ಹೊಲಕ್ಕೆ ಹೋದರೆ ಅದು ಗೊಬ್ಬರ, ಹಳ್ಳಕ್ಕೆ ಹೋದರೆ ರೋಗ.

ವಾರಗಟ್ಟಲೆ ಹರಿದ ಹಳ್ಳದಲ್ಲಿ ಕೆಂಪು ಹುಳವೂ ಇಲ್ಲ, ಏನೂ ಇಲ್ಲ ಎಂದಾದರೆ ವಿಷದ ಅನುಮಾನಪಡಬೇಕು. ಕೆಂಪು ಹುಳ ಇದ್ದರೆ ಹೊಲಸು, ಏನೂ ಇಲ್ಲದಿದ್ದರೆ ವಿಷ. ಈ ಒಂದು ಮಾತನ್ನು ಮನೆಗೆ ಒಯ್ಯಿರಿ. ಅಂಥ ಕಡೆ ದನ ಬಿಡಬೇಡಿರಿ, ಸಂಘಕ್ಕೆ ಮತ್ತು ಹತ್ತಿರದ ಪಶುವೈದ್ಯರಿಗೆ ತಿಳಿಸಿರಿ, ನೀರಿನ ಮಾದರಿ ಹಿಡಿದಿಡಿರಿ. ನಮ್ಮದು ದ್ರಾಕ್ಷಿ, ದಾಳಿಂಬೆ, ನಿಂಬೆ ಬೆಳೆಯುವ ಸೀಮೆ. ಸಿಂಪಡಣೆ ಪಂಪು ತೊಳೆಯಲು, ಖಾಲಿ ಡಬ್ಬಿ ಎಸೆಯಲು ಹಳ್ಳವೇ ಅನುಕೂಲವೆಂದು ತೋರುತ್ತದೆ. ನಾನೂ ಹಾಗೆಯೇ ತಿಳಿದಿದ್ದೆನಲ್ಲ!

ಹುಳ ಹೇಳದ ಸಂಗತಿಗಳು

ಹುಳಗಳು ಎಲ್ಲವನ್ನೂ ಹೇಳುವುದಿಲ್ಲ. ಮೊದಲನೆಯದು ಉಪ್ಪು. ಡೋಣಿ ಸೀಮೆಯ ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯವರಿಗೆ ಸವುಳು ನೀರಿನ ಕಷ್ಟ ಹೇಳಿಕೊಡಬೇಕಾಗಿಲ್ಲ. ಒಂದು ಲೀಟರಿನಲ್ಲಿ ಕರಗಿದ ಲವಣ 3000 ಮಿಲಿಗ್ರಾಮಿನ ಒಳಗಿದ್ದರೆ ದನಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. 5000 ದಾಟಿದರೆ ಗಬ್ಬದ ಮತ್ತು ಹಿಂಡುವ ದನಗಳಿಗೆ ಕೊಡಬಾರದು. 7000 ದಾಟಿದರೆ ಯಾವ ದನಕ್ಕೂ ಬೇಡ. ಇದನ್ನು ಪ್ರಯೋಗಾಲಯವೇ ಹೇಳಬೇಕು. ಕೊಳವೆಬಾವಿಯ ಫ್ಲೋರೈಡ್, ನೈಟ್ರೇಟ್ ಕೂಡ ಹಾಗೆಯೇ. ನಿಂತ ನೀರಿನ ಮೇಲೆ ಬೇಸಿಗೆಯಲ್ಲಿ ಬಣ್ಣ ಸುರಿದಂತೆ ಹಸಿರು ಕೆನೆ ಕಟ್ಟಿದ್ದರೆ ಯಾವ ಹುಳವನ್ನೂ ನೋಡದೆ ದನಗಳನ್ನು ದೂರ ಇಡಿರಿ. ಕೆಲವು ಬಗೆಯ ಪಾಚಿಯ ವಿಷ ದನವನ್ನು ಕೊಲ್ಲಬಲ್ಲುದು.

ಎರಡನೆಯದು ಬಸವನಹುಳ. ನೀರು ಸಾಕಷ್ಟು ಚೆನ್ನಾಗಿದ್ದರೂ ದಂಡೆಯ ಪಾಚಿ, ಹುಲ್ಲಿನಲ್ಲಿ ಇದು ಇರಬಹುದು. ಯಕೃತ್ತಿನ ಚಪ್ಪಟೆ ಹುಳುವಿನ ಮರಿ ಇದರ ಹೊಟ್ಟೆಯಲ್ಲಿ ಬೆಳೆದು, ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಆ ಹುಲ್ಲು ಮೇಯ್ದ ದನ ಸೊರಗುತ್ತದೆ, ರಕ್ತ ಕಡಿಮೆಯಾಗಿ ಗದ್ದದ ಕೆಳಗೆ ನೀರು ತುಂಬಿದ ಬಾವು ಬರುತ್ತದೆ, ಹಾಲು ಇಳಿಯುತ್ತದೆ. ಗೊರಕೆ ರೋಗದ ಹುಳುವಿಗೂ ಬಸವನಹುಳವೇ ಆಸರೆ. ದನ ನೀರಿಗೆ ಇಳಿದಾಗ ಅದರ ಮರಿಗಳು ಚರ್ಮವನ್ನೇ ಕೊರೆದು ಒಳಸೇರುತ್ತವೆ. ಆದ್ದರಿಂದ ತಟ್ಟೆಯಲ್ಲಿ ಮೇಫ್ಲೈ ಕಂಡಿತೆಂದು ದನಗಳನ್ನು ನೀರಿಗೆ ಇಳಿಸಲು ಅಪ್ಪಣೆ ಸಿಕ್ಕಿತೆಂದು ತಿಳಿಯಬೇಡಿರಿ. ಬಸವನಹುಳ ಕಂಡರೆ ಸೆಗಣಿ ಪರೀಕ್ಷೆ ಮಾಡಿಸಿ, ಪಶುವೈದ್ಯರು ಹೇಳಿದ ಜಂತುನಾಶಕ ಕೊಡಿಸಿರಿ.

ನಾವು ಮಾಡಬೇಕಾದದ್ದು

ಹಳ್ಳದ ನೀರನ್ನು ಎತ್ತಿ ತೊಟ್ಟಿಗೆ ಹಾಕಿ ಕುಡಿಸಿರಿ. ದನ ನೀರಿನಲ್ಲಿ ನಿಲ್ಲುವುದು ತಪ್ಪಿದರೆ ಸೆಗಣಿಯೂ ಹಳ್ಳಕ್ಕೆ ಬೀಳುವುದಿಲ್ಲ, ಗೊರಕೆ ರೋಗವೂ ಕಡಿಮೆಯಾಗುತ್ತದೆ. ತೊಟ್ಟಿಯನ್ನು ವಾರಕ್ಕೊಮ್ಮೆಯಾದರೂ ತಿಕ್ಕಿ ತೊಳೆಯಿರಿ. ತಿಪ್ಪೆಯನ್ನು ಹಳ್ಳದ ದಂಡೆಯಿಂದ ದೂರ ಹಾಕಿರಿ. ಉಣ್ಣಿಯ ಔಷಧವನ್ನು ಹಳ್ಳ, ಬಾವಿಗಳಿಂದ ದೂರ, ಗಟ್ಟಿ ನೆಲದ ಮೇಲೆ ಬಳಸಿರಿ. ಬೇಕಾದಷ್ಟೇ ಕಲಸಿರಿ, ಉಳಿದದ್ದನ್ನು ನೀರಿಗೆ ಸುರಿಯಬೇಡಿರಿ. ಔಷಧ ಹಚ್ಚಿದ ದನವನ್ನು ಕೂಡಲೇ ಹಳ್ಳಕ್ಕೆ ಇಳಿಸಬೇಡಿರಿ. ಹಾಲು ಎಷ್ಟು ದಿನ ಬಿಡಬೇಕೆಂಬುದನ್ನು ಡಬ್ಬಿಯ ಮೇಲೆ ಓದಿರಿ, ತಿಳಿಯದಿದ್ದರೆ ಕೇಳಿರಿ.

ಪ್ರತಿ ಸಂಘವೂ ಒಂದು ಹಳ್ಳದ ವಹಿ ಇಡಬೇಕೆಂದು ನನ್ನ ವಿನಂತಿ. ವರ್ಷಕ್ಕೆ ಎರಡು ಸಲ, ದೀಪಾವಳಿಗೆ ಒಮ್ಮೆ, ಸಂಕ್ರಾಂತಿಗೆ ಒಮ್ಮೆ, ಶಾಲೆಯ ಮಕ್ಕಳನ್ನು ಕರೆದುಕೊಂಡು ಮೇಲೊಂದು ಕಡೆ, ಕೆಳಗೊಂದು ಕಡೆ ನೋಡಿ ಬರೆಯಿರಿ. ಮಕ್ಕಳ ಕಣ್ಣು ನಮ್ಮದಕ್ಕಿಂತ ಚುರುಕು. ಮೂರು ವರ್ಷ ಬರೆದ ವಹಿ ಕೈಯಲ್ಲಿದ್ದರೆ, ಪಂಚಾಯತಿಯ ಮುಂದೆ ಚರಂಡಿಯ ಮಾತು ಎತ್ತುವಾಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಕೊನೆಯಲ್ಲಿ ಆ ಊರಿನ ಹಳ್ಳದ ಮಾತು ಹೇಳಿ ಮುಗಿಸುತ್ತೇನೆ. ಮುಂದಿನ ಮಳೆಗಾಲ ಹಳ್ಳ ಚೆನ್ನಾಗಿ ಹರಿಯಿತು. ದೀಪಾವಳಿ ಮುಗಿದ ಮೇಲೆ ನಾನು ಹೋಗಿ ಅದೇ ಜಾಗದಲ್ಲಿ ಕಲ್ಲು ಹೊರಳಿಸಿದೆ. ಮೂರು ಬಾಲದ ಮರಿಗಳು ಮತ್ತೆ ಬಂದಿದ್ದವು. ಮೇಲಿನ ಚೆನ್ನಾಗಿದ್ದ ಭಾಗದಿಂದ ಕೆಲವು ಹರಿದುಬಂದಿರಬೇಕು. ಹಾರಿಬಂದ ತಾಯಿಹುಳಗಳು ಕೆಲವು ಮೊಟ್ಟೆ ಇಟ್ಟಿರಬೇಕು. ಮೇಲೆ ಒಂದಿಷ್ಟು ಒಳ್ಳೆಯ ನೀರು ಉಳಿದಿದ್ದರಿಂದಲೇ ಕೆಳಗಿನದು ಬದುಕಿತು. ಅದೂ ಕೆಟ್ಟಿದ್ದರೆ ಬರಲು ಏನೂ ಇರುತ್ತಿರಲಿಲ್ಲ. ನಮ್ಮ ಊರಿನ ಕೆಳಭಾಗ ಇನ್ನೊಂದು ಊರಿನ ಮೇಲ್ಭಾಗ ಎಂಬುದನ್ನು ಮರೆಯದಿರೋಣ.

 ಊಟದ ನಂತರ ಹಳ್ಳಕ್ಕೆ ಹೋಗೋಣ. ಪರದೆ, ತಟ್ಟೆ ತಂದಿದ್ದೇನೆ.

ಜೈ ಸಹಕಾರ.